ಬೀಗದವನ ಲೆಕ್ಕ

ನಲವತ್ತೊಂದು ಷಟರು ಈ ಬೀದಿಗೆ.
ತೆರೆದಿದ್ದವು ನಾಲ್ಕು:
ನನ್ನದು, ಔಷಧಿಯದು, ಶವಪೆಟ್ಟಿಗೆಯದು,
ಮತ್ತೆ ದೊನ್ಯಾ ಹೆರ್ತ್ರೂದಿಸಳ ಕರಿದ ಕುಂಬಳರೊಟ್ಟಿಯದು.
ಬೀಗ, ಕಾಯಿಲೆ, ಸಾವು, ಹಸಿವು,
ಊರೊಂದು ಉಳಿಯಲು ಇಷ್ಟು ಸಾಕೆಂದು
ನಾನೂ ಒಪ್ಪಿಕೊಂಡು ಕೂತಿದ್ದೆ.

ಗಣಿ ಮುಚ್ಚಿದ ವರ್ಷ
ನನಗೆ ಕೈತುಂಬ ಕೆಲಸ, ಹೇಳಿಕೊಳ್ಳಲು ನಾಚಿಕೆ.
ದಿನಕ್ಕೊಂದು ಅಂಗಡಿ ಬೀಗ ಕೇಳುತ್ತ ಬರುತ್ತಿತ್ತು.
ಟೋಪಿ ಮಾರುವ ಬಾಸ್ಕುನ್ಯಾನ್ ಎರಡು ಕೊಂಡ,
ಒಂದು ಸಾಲದೆಂದು.
ಒಳಗೆ ಒಂದು ಟೋಪಿಯೂ ಉಳಿದಿರಲಿಲ್ಲ.

ಆಮೇಲೆ ಇಪ್ಪತ್ತಾರು ವರ್ಷ
ಪೆಸಿಫಿಕ್‌ನ ಉಪ್ಪು ಬಂದು ಬೀಗಗಳ ಬಾಯೊಳಗೆ ಕೂತಿತು.
ಬಸ್ಸು ಕೂಡ ಮೇಲಿನ ರಸ್ತೆ ಹಿಡಿಯಿತು.
ಸಾನ್ ಲೊರೆನ್ಸೊ ಬೀದಿ ಅನ್ನುವವರೇ ಇಲ್ಲ;
'ಕೆಳಗಿನದು' ಅಂದರೆ ಸಾಕು, ಗೊತ್ತಾಗುತ್ತಿತ್ತು.

ಆಗ ಬಂತು ಈ ಪಟಾಲಂ.
ಹದಿನಾರು ಹದಿನೇಳರ ಪ್ರಾಯ,
ದೋಣಿಗೆ ಬಳಿದು ಮಿಕ್ಕ ಕಿತ್ತಳೆ, ನೀಲಿ,
ಯಾರದೋ ಅಜ್ಜನ ಏಣಿ.
ಮಿಯಾರಾಯ್ ಮುಂದೆ, ಗಟ್ಟಿ ಗಂಟಲಿನವಳು;
ಹಿಂದೆ ಬಾಸ್ತಿಯಾನ್, ಏಣಿ ಹಿಡಿಯುವುದಕ್ಕೇ ಹುಟ್ಟಿದಂತೆ.
ಮೂರು ಭಾನುವಾರದಲ್ಲಿ
ಷಟರಿನ ಮೇಲೆ ತಿಮಿಂಗಿಲ ಈಜಿತು,
ಗಣಿಯ ದೀಪ ಹೊತ್ತಿತು,
ಬಟ್ಟೆಯಂಗಡಿಯ ಮೇಲೆ ನನ್ನಮ್ಮನಂಥ ಒಬ್ಬಾಕೆ
ಇದ್ದಿಲ ಬುಟ್ಟಿ ಹೊತ್ತು ನಿಂತಳು.
ಮೇಯರ್ ಬಂದ, ಫೋಟೊ ಹಿಡಿಸಿಕೊಂಡು ಹೋದ.

ದೊನ್ಯಾ ಹೆರ್ತ್ರೂದಿಸ್
ಎಣ್ಣೆಯಿಂದ ಜಾಲಿಸೌಟು ಎತ್ತಿ, ತಿರುಗಿಯೂ ನೋಡದೆ ಅಂದಳು:
"ಚೆಂದ ಇದೆ ಮಕ್ಕಳಾ.
ಬಣ್ಣ ಹಚ್ಚಿದ ಬಾಗಿಲೂ ಮುಚ್ಚಿದ ಬಾಗಿಲೇ."

ಮಿಯಾರಾಯಳ ಕೈಲಿದ್ದ ರೊಟ್ಟಿ ಆರಿತು.
ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ;
ಮೂಗು ಒರೆಸಿದ್ದಕ್ಕೆ ಮುಖಕ್ಕೆ ಕಿತ್ತಳೆ ಹತ್ತಿತು, ಅಷ್ಟೆ.

ಮೂವತ್ತೇಳು ಅಂಗಡಿಗೆ ಮೂವತ್ತೇಳು ಕಾಗದ ಬರೆದಳಂತೆ.
ಕೊನ್ಸೆಪ್ಸಿಯೊನ್‌ಗೆ, ಉತ್ತರದ ತಾಮ್ರದ ಗಣಿಗಳಿಗೆ,
ಒಂದು ಸ್ವೀಡನ್ನಿಗೆ.
ಉತ್ತರ ಬಂದವು ಹನ್ನೊಂದು.
ಒಂದು ವರ್ಷ ಬಾಡಿಗೆ ಬೇಡ ಅಂದಿದ್ದರು.
ಒಬ್ಬಾಕೆ ಕೊನೆಗೆ ಸೇರಿಸಿದ್ದಳು:
ಒಳಗೆ ಅಪ್ಪನ ತಕ್ಕಡಿ ಇದೆ, ಅದನ್ನು ಮಾತ್ರ ಮಾರಬೇಡಿ.

ಕಾಗದದ ಕಟ್ಟನ್ನು ನನ್ನ ಮೇಜಿಗೆ ಬಡಿದು ಕೇಳಿದಳು:
"ದೊನ್ ಒಸಿಯೆಲ್, ಇವನ್ನೆಲ್ಲ ಒಡೆಯಬೇಕಾ?"

ಒಡೆಯುವುದು ಎಂಬ ಮಾತು
ನನ್ನ ಕಸುಬಿಗೆ ಬೈಗುಳ.
ಎದ್ದು ಒಳಗೆ ಕರೆದುಕೊಂಡು ಹೋದೆ.
ಮಂಚದ ಹಿಂದಿನ ಗೋಡೆಗೆ ಮೂವತ್ತೇಳು ಮೊಳೆ,
ಮೊಳೆಗೊಂದು ಕೀಲಿಕೈ, ಟೋಪಿಯವನದಕ್ಕೆ ಎರಡು.
ಆ ವರ್ಷ, ಯಾರಿಗೂ ಹೇಳದೆ,
ಮಾರಿದ ಪ್ರತಿ ಬೀಗಕ್ಕೂ ಒಂದು ಜೋಡಿ ಕೊರೆದಿಟ್ಟಿದ್ದೆ.
ಯಾಕೆ ಅಂತ ಕೇಳಬೇಡಿ.
ಕೋರ್ಟಿನಲ್ಲಿ ಅದರ ಹೆಸರು ಕಳ್ಳತನ.
ಬೇರೆ ಹೆಸರು ನನಗೂ ಗೊತ್ತಿಲ್ಲ.

ಎಣ್ಣೆ ಬಿಟ್ಟೆವು, ಕಾದೆವು, ಮತ್ತೆ ಬಿಟ್ಟೆವು.
ಮೊದಲನೆಯದು ಕಿರುಚಿಕೊಂಡು ಎದ್ದಿತು,
ತಿಮಿಂಗಿಲವನ್ನು ಬಾಲದಿಂದ ಸುತ್ತಿಕೊಂಡು ಮೇಲಕ್ಕೆ.
ಹುಡುಗಿಯ ಮೂರು ಭಾನುವಾರ
ಸುರುಳಿಯೊಳಗೆ ಮಾಯ.
ಚಪ್ಪಾಳೆ ತಟ್ಟಿದವಳೂ ಅವಳೇ.
ಒಳಗೆ ತಕ್ಕಡಿ,
ಎರಡು ತಟ್ಟೆಯಲ್ಲೂ ಸಮಸಮ ಧೂಳು.

ಎಲ್ಲ ನಿಂತಿತು ಅಂತಲ್ಲ.
ಕಡಲಪಾಚಿಯ ಸೋಪಿನವರು ಚಳಿಗಾಲ ದಾಟಲಿಲ್ಲ,
ಇನ್ನೆರಡು ಅಂಗಡಿಯವರು ಪರಸ್ಪರ ಜಗಳವಾಡಿ ಹೋದರು.
ಸೈಕಲ್ ರಿಪೇರಿ ಇದೆ, ಹೊಲಿಗೆ ಇದೆ.
ಟೋಪಿಯಂಗಡಿಯಲ್ಲಿ ಈಗ ಕ್ಷೌರ;
ಇರಲಿ, ಅದೂ ತಲೆಗೆ ಸಂಬಂಧಪಟ್ಟದ್ದೇ.
ಬಸ್ಸು ಇನ್ನೂ ಮೇಲಿನ ರಸ್ತೆಯಲ್ಲೇ.

ಬೆಳಿಗ್ಗೆ ಮಲಗಿದಲ್ಲೇ ಎಣಿಸುತ್ತೇನೆ, ಹೊಸವನ್ನು.
ಗರ್ರ್, ಒಂದು. ಗರ್ರ್, ಎರಡು.
ಎಂಟರವರೆಗೆ ಸಲೀಸು.
ಒಂಬತ್ತನೆಯದು ನನ್ನದೇ, ಹಳೆಯದು;
ಕೀಲಿ ಕೊರೆಯಲು ಕಲಿಯುತ್ತಿರುವ ಬಾಸ್ತಿಯಾನ್
ಬಂದು ಎತ್ತಬೇಕು.
ಕಿವಿಗೊಟ್ಟು ಕಾಯುತ್ತೇನೆ.
ಎದ್ದಿರುವುದಿಲ್ಲ ಪೋರ.